ಎಣಿಕೆ ಸರಿ ಇದೆ, ತಾಳ ಸರಿ ಇದೆಯಾ?



2015ರ ಏಪ್ರಿಲ್ ತಿಂಗಳು. ಜಪಾನಿನ ಮತ್ಸುಯಾಮ ಅನ್ನೋ ಊರು. ಅಲ್ಲೊಂದು ಈಜು ಸ್ಪರ್ಧೆ, 1500 ಮೀಟರ್ ಫ್ರೀಸ್ಟೈಲ್. ನೀರಿಗಿಳಿದವರ ಹೆಸರು ಮಿಯೆಕೊ ನಾಗಾವೊಕಾ. ವಯಸ್ಸು ಎಷ್ಟು ಅಂತೀರಿ? 100. ಹೌದು ಸ್ವಾಮಿ, ಭರ್ತಿ ನೂರು. 1 ಗಂಟೆ 15 ನಿಮಿಷ 54 ಸೆಕೆಂಡ್‌ಗೆ ಆ ಅಜ್ಜಿ ಸ್ಪರ್ಧೆ ಮುಗಿಸಿದರು. ನೂರು ತುಂಬಿದವರೊಬ್ಬರು ಸ್ಪರ್ಧೆಯಲ್ಲಿ ಅಷ್ಟು ದೂರ ಈಜಿದ್ದು ಜಗತ್ತಿನಲ್ಲಿ ಅದೇ ಮೊದಲು. ಇನ್ನೂ ಸ್ವಾರಸ್ಯ ಏನಂದ್ರೆ, ಆಕೆ ಈಜಿಗೆ ಬಂದಿದ್ದೇ 80ರ ಆಸುಪಾಸಿನಲ್ಲಿ, ಮೊಣಕಾಲು ನೋವಿಗೆ ವ್ಯಾಯಾಮ ಆಗಲಿ ಅಂತ. 2023ರಲ್ಲಿ ತೀರಿಕೊಂಡಾಗ ಅವರಿಗೆ 108 ವರ್ಷ.

ಇಂಥ ಸುದ್ದಿ ಬಂದರೆ ಎಲ್ಲರಿಗೂ ಖುಷಿ. ವಾಟ್ಸಾಪ್‌ನಲ್ಲಿ ಓಡಾಡುತ್ತೆ, ಕೆಳಗೊಂದು ಸಾಲು ಇರುತ್ತೆ: ಈಜುವವರಿಗೆ ಹಾರ್ಟ್ ಪ್ರಾಬ್ಲಮ್ಮೇ ಬರಲ್ಲ ಅಂತ. ಅಜ್ಜಿಯ ಸಾಧನೆಗೆ ದೊಡ್ಡ ನಮಸ್ಕಾರ. ಆದರೆ ಆ ಕೊನೆಯ ಸಾಲು ಇದೆಯಲ್ಲ, ಅದು ಸುಳ್ಳು. ಇವತ್ತು ನಾನು ಮಾತಾಡಬೇಕು ಅಂತಿರೋದು ಅದರ ಬಗ್ಗೆ.

ಮಾಸ್ಟರ್ಸ್ ಸ್ವಿಮ್ಮಿಂಗ್ ಅಂತ ಒಂದು ಲೋಕ ಇದೆ. ಬಹಳ ಜನಕ್ಕೆ ಗೊತ್ತಿಲ್ಲ. 25 ವರ್ಷ ದಾಟಿದ ಯಾರು ಬೇಕಾದರೂ ಸ್ಪರ್ಧಿಸಬಹುದು. ಐದೈದು ವರ್ಷಕ್ಕೊಂದು ಗುಂಪು. 60ರಿಂದ 64, 65ರಿಂದ 69, 70ರಿಂದ 74, ಹೀಗೆ ನೂರರ ಆಚೆಗೂ ಹೋಗುತ್ತೆ. 1986ರಲ್ಲಿ ಟೋಕಿಯೋದಲ್ಲಿ ಮೊದಲ ವಿಶ್ವ ಮಾಸ್ಟರ್ಸ್ ಚಾಂಪಿಯನ್‌ಶಿಪ್ ನಡೀತು. ನಮ್ಮಲ್ಲೂ ಇದ್ದಾರೆ. ಬೆಂಗಳೂರಿನ ಯಾವುದಾದರೂ ಈಜುಕೊಳಕ್ಕೆ ಬೆಳಗಿನ ಐದೂವರೆ ಬ್ಯಾಚಿಗೆ ಹೋಗಿ ನೋಡಿ. ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್, ರಿಟೈರ್ಡ್ ಮೇಷ್ಟ್ರು, ಚಿಕ್ಕಂದಿನಲ್ಲಿ ತುಂಗೆಯಲ್ಲೋ ಕಾವೇರಿಯಲ್ಲೋ ಮೈ ಬಿಟ್ಟು ಈಜು ಕಲಿತವರು. ಮಕ್ಕಳು ನಿದ್ದೆಯಿಂದ ಏಳೋದರೊಳಗೆ ಇವರದು 40 ಲ್ಯಾಪ್ ಮುಗಿದಿರುತ್ತೆ.

ಈ ಜನರ ಒಂದು ವಿಚಿತ್ರ ಹೇಳ್ತೀನಿ ಕೇಳಿ. ಪ್ರಪಂಚದಲ್ಲಿ ಎಲ್ಲರೂ ವಯಸ್ಸು ಮುಚ್ಚಿಡ್ತಾರೆ. ಇವರು ವಯಸ್ಸಾಗೋದಕ್ಕೇ ಕಾಯ್ತಾರೆ! 64ನೇ ವಯಸ್ಸಿನಲ್ಲಿ ಇವರು ತಮ್ಮ ಗುಂಪಿನ ಹಿರಿಯರು, 60ರವರ ಜೊತೆ ಸೆಣಸಬೇಕು. 65 ಆದ ಕೂಡಲೇ ಹೊಸ ಗುಂಪಿನಲ್ಲಿ ಇವರೇ ಹುಡುಗರು. ಪದಕ ಹತ್ತಿರ ಬರುತ್ತೆ. ಹುಟ್ಟುಹಬ್ಬಕ್ಕೆ ನಿಜವಾಗಿ ಖುಷಿಪಡುವ ಹಿರಿಯರು ಅಂದ್ರೆ ಇವರೇ. ಈ 65 ಅನ್ನೋ ಅಂಕಿ ನೆನಪಿಟ್ಟುಕೊಂಡಿರಿ, ಮುಂದೆ ಅದಕ್ಕೇ ಬರ್ತೀನಿ.

ಮೊದಲು ಒಂದು ಗೊಂದಲ ಬಗೆಹರಿಸೋಣ. ಹೃದಯಕ್ಕೆ ಏನೇ ಆದರೂ ನಾವು "ಹಾರ್ಟ್ ಅಟ್ಯಾಕ್" ಅಂತೀವಿ. 2021ರ ಅಕ್ಟೋಬರ್ 29, ಪುನೀತ್ ರಾಜ್‌ಕುಮಾರ್ ಹೋದ ದಿನ. 46 ವರ್ಷ. ವ್ಯಾಯಾಮ ಬಿಟ್ಟವರಲ್ಲ, ತಿಂದು ಮಲಗಿದವರಲ್ಲ. ಮರುದಿನದಿಂದ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿದ್ದು ನೀವೇ ನೋಡಿದ್ದೀರಿ. ಆ ಸಾಲಿನಲ್ಲಿ ನಿಂತವರಿಗೆ ಒಂದೇ ಪ್ರಶ್ನೆ ಇತ್ತು: ನನಗೆ ಬ್ಲಾಕ್ ಇದೆಯಾ? ಆದರೆ ಹೃದಯದಲ್ಲಿ ಕೆಡೋದು ಪೈಪು ಮಾತ್ರ ಅಲ್ಲ. ಮನೆ ಲೆಕ್ಕದಲ್ಲಿ ಹೇಳ್ತೀನಿ. ನಲ್ಲಿಯಲ್ಲಿ ನೀರು ಬರ್ತಿಲ್ಲ ಅಂದ್ರೆ ಪ್ಲಂಬರ್ ಕರೀತೀರಿ. ಲೈಟು ಪಕಪಕ ಅಂತಿದೆ ಅಂದ್ರೆ ಎಲೆಕ್ಟ್ರಿಷಿಯನ್ ಕರೀತೀರಿ. ಹೃದಯದಲ್ಲೂ ಎರಡೂ ಇವೆ. ರಕ್ತನಾಳ ಕಟ್ಟಿಕೊಂಡರೆ ಅದು ಹಾರ್ಟ್ ಅಟ್ಯಾಕ್, ಪ್ಲಂಬಿಂಗ್ ಸಮಸ್ಯೆ. ಹೃದಯವನ್ನು ಬಡಿಸುವ ಕರೆಂಟ್ ಎಡವಟ್ಟಾದರೆ ಅದು ಲಯದ ಸಮಸ್ಯೆ, ವೈರಿಂಗ್ ಸಮಸ್ಯೆ. ಆ ಕರೆಂಟು ಪೂರ್ತಿ ಕೆಟ್ಟು ಹೃದಯ ರಕ್ತ ತಳ್ಳೋದನ್ನೇ ನಿಲ್ಲಿಸಿದರೆ ಅದು ಕಾರ್ಡಿಯಾಕ್ ಅರೆಸ್ಟ್. ಆಂಜಿಯೋಗ್ರಾಂ ಕ್ಲೀನ್ ಇದೆ ಅಂದ ಮಾತ್ರಕ್ಕೆ ವೈರಿಂಗ್ ಕ್ಲೀನ್ ಇದೆ ಅಂತ ಅರ್ಥ ಅಲ್ಲ.

ವಯಸ್ಸಾದ ಕ್ರೀಡಾಪಟುಗಳನ್ನು ಹೆಚ್ಚಾಗಿ ಕಾಡುವ ವೈರಿಂಗ್ ಸಮಸ್ಯೆಗೆ ಏಟ್ರಿಯಲ್ ಫಿಬ್ರಿಲೇಷನ್ ಅಂತ ಹೆಸರು. ನಾಲಿಗೆ ಹೊರಳದಿದ್ದರೆ ಎ-ಫಿಬ್ ಅನ್ನಿ ಸಾಕು. ಹೃದಯದಲ್ಲಿ ನಾಲ್ಕು ಕೋಣೆ. ಮೇಲಿನ ಎರಡು ಕೋಣೆ ಮೊದಲು ಹಿಂಡಬೇಕು, ಕೆಳಗಿನ ಎರಡು ಆಮೇಲೆ ಹಿಂಡಬೇಕು. ಲಬ್-ಡಬ್, ಲಬ್-ಡಬ್. ಎ-ಫಿಬ್ ಬಂದಾಗ ಮೇಲಿನ ಕೋಣೆಗಳು ಹಿಂಡೋದನ್ನು ಬಿಟ್ಟು ನಡುಗೋಕೆ ಶುರು ಮಾಡ್ತವೆ. ನಿಮಿಷಕ್ಕೆ 350ರಿಂದ 600 ಸಲ ಅಲ್ಲಿ ಕರೆಂಟು ಸಿಡಿಯುತ್ತೆ. ಅದೆಲ್ಲಾ ಕೆಳಗಿಳಿದರೆ ಮನುಷ್ಯ ಉಳಿಯಲ್ಲ. ಪುಣ್ಯಕ್ಕೆ ಮಧ್ಯದಲ್ಲೊಂದು ಗೇಟ್ ಇದೆ, ಅದು ಕೆಲವನ್ನಷ್ಟೇ ಬಿಡುತ್ತೆ. ಆದರೆ ಬೇಕಾಬಿಟ್ಟಿ ಬಿಡುತ್ತೆ. ಹಾಗಾಗಿ ನಾಡಿ ಒಂದು ಸಲ ಬೇಗ, ಒಂದು ಸಲ ತಡ, ಒಂದು ಜೋರು, ಒಂದು ಮೆಲ್ಲಗೆ. ಮೃದಂಗದವರು ಕುಡಿದು ಕೂತ ಹಾಗೆ!

ಇದರಿಂದ ತಕ್ಷಣ ಸಾವು ಬರುತ್ತಾ? ಸಾಮಾನ್ಯವಾಗಿ ಇಲ್ಲ. ಅದೇ ಇದರ ಮೋಸ. ಮೇಲಿನ ಕೋಣೆಯಲ್ಲಿ ರಕ್ತ ಸರಿಯಾಗಿ ಹರೀದೆ ಒಂದು ಮೂಲೆಯಲ್ಲಿ ನಿಲ್ಲುತ್ತೆ. ನಿಂತ ನೀರು ಪಾಚಿ ಕಟ್ಟುತ್ತೆ, ನಿಂತ ರಕ್ತ ಹೆಪ್ಪುಗಟ್ಟುತ್ತೆ. ಆ ಹೆಪ್ಪಿನ ಚೂರು ಹೊರಟು ಮಿದುಳಿನ ರಕ್ತನಾಳಕ್ಕೆ ಸಿಕ್ಕಿಕೊಂಡರೆ ಲಕ್ವ. ನಿನ್ನೆವರೆಗೆ ಬಟರ್‌ಫ್ಲೈ ಹೊಡೀತಿದ್ದ ಮನುಷ್ಯ ಬೆಳಗ್ಗೆ ಎದ್ದರೆ ಬಲಗೈ ಎತ್ತೋಕಾಗಲ್ಲ, ಹೆಂಡತಿ ಹೆಸರು ಕರೆಯೋಕೆ ಬಾಯಿ ತಿರುಗಲ್ಲ. ಎ-ಫಿಬ್ ಇರುವವರಿಗೆ ಪಾರ್ಶ್ವವಾಯು ಬರುವ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಐದು ಪಟ್ಟು ಹೆಚ್ಚು ಅಂತ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ ದಶಕಗಳ ಹಿಂದೆಯೇ ಹೇಳಿದೆ. ಈಜುಗಾರರಿಗೆ ಸ್ಟ್ರೋಕ್ ಅಂದ್ರೆ ಕೈ ಬೀಸುವ ಶೈಲಿ. ಡಾಕ್ಟರಿಗೆ ಸ್ಟ್ರೋಕ್ ಅಂದ್ರೆ ಇದು.

ಈಗ ನಿಮ್ಮ ಪ್ರಶ್ನೆ ನನಗೆ ಕೇಳಿಸ್ತಿದೆ. "ಅಲ್ಲಾ ಸಾರ್, 40 ವರ್ಷದಿಂದ ವ್ಯಾಯಾಮ ಮಾಡ್ತಿರೋರಿಗೆ ಇದೆಲ್ಲಾ ಯಾಕೆ ಬರುತ್ತೆ? ಸೋಫಾ ಮೇಲೆ ಕೂತು ಬೋಂಡಾ ತಿನ್ನೋರಿಗೆ ಬರಬೇಕಲ್ವಾ?" ಅವರಿಗೂ ಬರುತ್ತೆ, ಅದರಲ್ಲಿ ಅನುಮಾನ ಬೇಡ. ಬಿಪಿ, ಶುಗರ್, ಬೊಜ್ಜು, ಥೈರಾಯ್ಡ್, ಗೊರಕೆ ಹೊಡೆಯುತ್ತಾ ಉಸಿರು ಕಟ್ಟುವ ಸ್ಲೀಪ್ ಅಪ್ನಿಯಾ, ಮದ್ಯ, ಇವೆಲ್ಲಾ ಎ-ಫಿಬ್‌ಗೆ ರಾಜಮಾರ್ಗ. ಆದರೆ ಇನ್ನೊಂದು ತುದಿಯಿಂದಲೂ ಒಂದು ಕಾಲುದಾರಿ ಇದೆ.

ಸ್ವೀಡನ್ ದೇಶದಲ್ಲಿ ವಾಸಾಲೊಪೆಟ್ ಅಂತ ಹಿಮದ ಮೇಲಿನ ಸ್ಕೀಯಿಂಗ್ ಸ್ಪರ್ಧೆ ನಡೆಯುತ್ತೆ. 90 ಕಿಲೋಮೀಟರ್! 1989ರಿಂದ 1998ರವರೆಗೆ ಅದನ್ನು ಮುಗಿಸಿದ 52,755 ಜನರನ್ನು ಅಲ್ಲಿನ ಸಂಶೋಧಕರು ವರ್ಷಗಟ್ಟಲೆ ಹಿಂಬಾಲಿಸಿ 2013ರಲ್ಲಿ ವರದಿ ಕೊಟ್ಟರು. ಐದು ಅಥವಾ ಹೆಚ್ಚು ಸಲ ಸ್ಪರ್ಧೆ ಮುಗಿಸಿದವರಲ್ಲಿ ಲಯದ ತೊಂದರೆ, ಒಂದೇ ಸಲ ಮುಗಿಸಿದವರಿಗಿಂತ ಸುಮಾರು ಶೇಕಡಾ 30ರಷ್ಟು ಹೆಚ್ಚಿತ್ತು. ಬೇಗ ಮುಗಿಸಿದವರಲ್ಲೂ ಹೆಚ್ಚಿತ್ತು. 2021ರಲ್ಲಿ ಬ್ರಿಟನ್ನಿನ ಕ್ರೀಡಾವೈದ್ಯ ಪತ್ರಿಕೆಯೊಂದರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಕ್ರೀಡಾಪಟುಗಳಲ್ಲಿ ಎ-ಫಿಬ್ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡೂವರೆ ಪಟ್ಟು ಅಂತ ಬಂತು.

ಕಾರಣ ಅರ್ಥ ಮಾಡಿಕೊಳ್ಳೋದು ಕಷ್ಟ ಏನಲ್ಲ. ದಿನಾ ಗಂಟೆಗಟ್ಟಲೆ, ಹತ್ತಾರು ವರ್ಷ, ಹೃದಯ ನಾಲ್ಕೈದು ಪಟ್ಟು ರಕ್ತ ಹರಿಸುತ್ತೆ. ಮೇಲಿನ ಕೋಣೆಗಳ ಗೋಡೆ ತೆಳು. ಆ ಒತ್ತಡಕ್ಕೆ ಅವು ಹಿಗ್ಗುತ್ತವೆ. ಹಿಗ್ಗಿ ಹಿಗ್ಗಿ ಕೆಲವರಲ್ಲಿ ಸಣ್ಣ ಸಣ್ಣ ಕಲೆ ಉಳಿಯುತ್ತೆ. ಆ ಕಲೆಯ ಜಾಗದಲ್ಲಿ ಕರೆಂಟು ದಾರಿ ತಪ್ಪುತ್ತೆ. ಇದರ ಜೊತೆಗೆ ಕ್ರೀಡಾಪಟುವಿನ ಹೃದಯವನ್ನು ನಿಧಾನ ಮಾಡುವ ವೇಗಸ್ ನರ ಸದಾ ಜೋರಾಗಿರುತ್ತೆ. ಅದಕ್ಕೇ ಇವರಿಗೆ ಎ-ಫಿಬ್ ಬರೋದು ಈಜುವಾಗಲೇ ಅಂತೇನಿಲ್ಲ. ಊಟ ಆದ ಮೇಲೆ, ರಾತ್ರಿ ಮಲಗಿದಾಗ, ಎರಡು ಪೆಗ್ ಹಾಕಿದ ಮೇಲೆ ಬರಬಹುದು. ರಜೆಯ ಪಾರ್ಟಿ ಮುಗಿಸಿ ಆಸ್ಪತ್ರೆಗೆ ಬರೋರನ್ನು ನೋಡಿ ನೋಡಿ ಅಮೆರಿಕದ ವೈದ್ಯರು 1978ರಲ್ಲೇ ಇದಕ್ಕೆ ಹಾಲಿಡೇ ಹಾರ್ಟ್ ಅಂತ ಹೆಸರಿಟ್ಟರು. ಮೀಟ್ ಮುಗಿದ ರಾತ್ರಿ, ಮೈಯಲ್ಲಿ ನೀರಿಲ್ಲ, ಕೈಯಲ್ಲಿ ಗ್ಲಾಸಿದೆ. ಇಷ್ಟು ಸಾಕು ಅದಕ್ಕೆ.

ನಿಲ್ಲಿ, ಚಾನೆಲ್ ಬದಲಾಯಿಸಬೇಡಿ. "ನೋಡಿದ್ಯಾ, ಟಿವಿಯಲ್ಲೇ ಹೇಳಿದ್ರು, ಈಜೋದು ಡೇಂಜರ್ ಅಂತೆ" ಅಂತ ಯಾರಾದರೂ ಇಷ್ಟಕ್ಕೇ ಎದ್ದು ಹೋದರೆ ಅದು ದೊಡ್ಡ ಅನಾಹುತ. ಅದೇ ಸ್ವೀಡನ್ನಿನವರು 2019ರಲ್ಲಿ ಇನ್ನೂ ದೊಡ್ಡ ಲೆಕ್ಕ ಕೊಟ್ಟರು. ಸ್ಕೀಯಿಂಗ್ ಮಾಡುವವರಲ್ಲಿ ಪಾರ್ಶ್ವವಾಯು ಒಟ್ಟಾರೆ ಕಡಿಮೆಯೇ ಇತ್ತು. ಹೆಂಗಸರಲ್ಲಿ ಎ-ಫಿಬ್ ಕೂಡಾ ಕಡಿಮೆಯೇ ಇತ್ತು. ಅತಿ ಹೆಚ್ಚು ಸ್ಪರ್ಧಿಸಿದ, ಅತಿ ವೇಗದ ಗಂಡಸರಲ್ಲಿ ಮಾತ್ರ ಎ-ಫಿಬ್ ಮೇಲಿತ್ತು. ಇನ್ನು ದಿನಾ ನಡೆಯೋ, ಹದವಾಗಿ ವ್ಯಾಯಾಮ ಮಾಡೋ ಹಿರಿಯರಲ್ಲಿ ಎ-ಫಿಬ್ ಕಡಿಮೆ ಅಂತ ಬೇರೆ ಅಧ್ಯಯನಗಳೂ ಹೇಳ್ತವೆ. ಅಂದ್ರೆ ವಾರಕ್ಕೆ ಮೂರು ದಿನ ಅರ್ಧ ಗಂಟೆ ಈಜುವ ತಾಯಂದಿರೇ, ನಿಮ್ಮ ಪಾಡಿಗೆ ನೀವು ಈಜಿ. ನನ್ನ ಮಾತು 20ನೇ ವಯಸ್ಸಿಗೆ ಶುರು ಮಾಡಿ 65ರಲ್ಲೂ ಸ್ಟಾಪ್‌ವಾಚ್ ಹಿಂದೆ ಬಿದ್ದಿರುವ ಆ ಹಠವಾದಿಗಳಿಗೆ. ನಾಗಾವೊಕಾ ಅಜ್ಜಿ ಶುರು ಮಾಡಿದ್ದೇ 80ಕ್ಕೆ. ಅವರನ್ನು ತೋರಿಸಿ ಇವರು ಧೈರ್ಯ ತಗೊಳ್ಳೋ ಹಾಗಿಲ್ಲ.

ಈಗ ನೀರಿಗೆ ಬರೋಣ. ಓಡುವವರ ಹೃದಯಕ್ಕೂ ಈಜುವವರ ಹೃದಯಕ್ಕೂ ಒಂದು ವ್ಯತ್ಯಾಸ ಇದೆ. ಕುತ್ತಿಗೆವರೆಗೆ ನೀರಿಗಿಳಿದ ಕೂಡಲೇ ನೀರಿನ ಒತ್ತಡಕ್ಕೆ ಕಾಲಿನ, ಹೊಟ್ಟೆಯ ರಕ್ತ ಎದೆಗೆ ನುಗ್ಗುತ್ತೆ. ಸುಮಾರು ಮುಕ್ಕಾಲು ಲೀಟರ್. ಮೇಲಿನ ಕೋಣೆಗಳು ಬಲೂನಿನ ಹಾಗೆ ಹಿಗ್ಗುತ್ತವೆ. "ಮೈಯಲ್ಲಿ ನೀರು ಜಾಸ್ತಿಯಾಯ್ತು" ಅಂದುಕೊಂಡು ಹೃದಯ ಒಂದು ಹಾರ್ಮೋನು ಬಿಡುತ್ತೆ. ನೀರಿಗಿಳಿದ ಹತ್ತು ನಿಮಿಷಕ್ಕೇ ಮೂತ್ರಕ್ಕೆ ಅವಸರ ಆಗುತ್ತಲ್ಲ, ಅದಕ್ಕೆ ಇದೇ ಕಾರಣ, ಬರೀ ಚಳಿ ಅಲ್ಲ.

ಚಳಿ ಅಂದೆನಲ್ಲ, ಅದರದು ಬೇರೆಯೇ ಕಥೆ. ಮುಖ ತಣ್ಣೀರಿಗೆ ತಾಗಿ ಉಸಿರು ಬಿಗಿ ಹಿಡಿದರೆ ಹೃದಯ ನಿಧಾನ ಆಗಬೇಕು. ಇದು ಡೈವಿಂಗ್ ರಿಫ್ಲೆಕ್ಸ್, ಸೀಲ್‌ಗಳಿಗೂ ಇದೆ, ನಮಗೂ ಇದೆ. ಅದೇ ಹೊತ್ತಿಗೆ ಮೈ ತಣ್ಣೀರಿಗೆ ಬಿದ್ದ ಆಘಾತಕ್ಕೆ ಹೃದಯ ಜೋರಾಗಿ ಬಡೀಬೇಕು. ಒಂದು ಕಾಲು ಬ್ರೇಕ್ ಮೇಲೆ, ಇನ್ನೊಂದು ಕಾಲು ಆಕ್ಸಿಲರೇಟರ್ ಮೇಲೆ. ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್, ಲಂಡನ್ ಕಿಂಗ್ಸ್ ಕಾಲೇಜಿನ ಮೈಕಲ್ ಶ್ಯಾಟಕ್ ಇಬ್ಬರೂ 2012ರಲ್ಲಿ ಇದನ್ನು ವಿವರವಾಗಿ ಬರೆದರು. ಹುಡುಗರ ಹೃದಯ ಈ ಜಗ್ಗಾಟ ತಡ್ಕೊಳ್ಳುತ್ತೆ, ಒಂದೆರಡು ಬಡಿತ ತಪ್ಪಿ ಸರಿಹೋಗುತ್ತೆ. ಒಳಗೆ ಮೊದಲೇ ಏನಾದರೂ ಇದ್ದರೆ ಅಲ್ಲಿ ಅಪಾಯ. ನಮ್ಮ ಕೊಳಗಳು ಯುರೋಪಿನ ಸಮುದ್ರದಷ್ಟು ತಣ್ಣಗಿರಲ್ಲ ನಿಜ. ಆದರೂ ಡಿಸೆಂಬರಿನ ಬೆಂಗಳೂರಲ್ಲಿ, ಬಿಸಿ ಮಾಡದ ಬಯಲು ಕೊಳಕ್ಕೆ, ಬೆಳಗಿನ ಜಾವ, ವಾರ್ಮಪ್ ಇಲ್ಲದೆ ಧುಮುಕುವ 70ರ ಹಿರಿಯರು ಸ್ವಲ್ಪ ಯೋಚಿಸಬೇಕು. ಮೆಟ್ಟಿಲಿಂದ ಇಳೀರಿ, ಮುಖಕ್ಕೆ ನೀರು ಹಾಕ್ಕೊಳ್ಳಿ, ಎರಡು ಲ್ಯಾಪ್ ಮೆಲ್ಲಗೆ ಹೋಗಿ. ಯಾರೂ ನಗಲ್ಲ. 2014ರಲ್ಲಿ 73ನೇ ವಯಸ್ಸಿಗೆ ಇಂಗ್ಲಿಷ್ ಕಾಲುವೆ ಈಜಿ ದಾಟಿದ ದಕ್ಷಿಣ ಆಫ್ರಿಕಾದ ಓಟ್ಟೊ ತಾನಿಂಗ್ ವೃತ್ತಿಯಲ್ಲಿ ಯಾರು ಗೊತ್ತಾ? ಹೃದಯ ಶಸ್ತ್ರಚಿಕಿತ್ಸಕರು!

ನೀರಿನ ಇನ್ನೊಂದು ಕಟು ಸತ್ಯ ಹೇಳಲೇಬೇಕು. ಅಮೆರಿಕದಲ್ಲಿ ಈಜು, ಸೈಕಲ್, ಓಟ ಮೂರೂ ಇರುವ ಟ್ರಯಥ್ಲಾನ್ ಸ್ಪರ್ಧೆಗಳ 1985ರಿಂದ 2016ರವರೆಗಿನ ಲೆಕ್ಕ ತೆಗೆದರು. ಹಠಾತ್ ಸಾವು, ಹೃದಯಸ್ತಂಭನ ಸೇರಿ 120 ಪ್ರಕರಣ. ಅದರಲ್ಲಿ 90 ನೀರಿನಲ್ಲಿ ಆಗಿದ್ದು. ಓಟದಲ್ಲಿ 15, ಸೈಕಲ್‌ನಲ್ಲಿ 7. ಬಹುಪಾಲು ಗಂಡಸರು, 40 ದಾಟಿದವರಿಗೆ ಅಪಾಯ ಏರುತ್ತಾ ಹೋಗಿತ್ತು. 61 ಜನರ ಮರಣೋತ್ತರ ಪರೀಕ್ಷೆ ನೋಡಿದರೆ 27 ಜನರಲ್ಲಿ ಹೃದಯದ ಕಾಯಿಲೆ ಒಳಗೇ ಅಡಗಿತ್ತು. ರಸ್ತೆಯಲ್ಲಿ ತಲೆ ಸುತ್ತಿದರೆ ಕಟ್ಟೆ ಮೇಲೆ ಕೂರಬಹುದು. ಲೇನ್ ಮಧ್ಯದಲ್ಲಿ ತಲೆ ಸುತ್ತಿದರೆ ಎಲ್ಲಿ ಕೂರ್ತೀರಿ?

ನಾರ್ವೆಯ ಅಲೆಕ್ಸಾಂಡರ್ ಡಾಲೆ ಓಯೆನ್ 2011ರಲ್ಲಿ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ವಿಶ್ವ ಚಾಂಪಿಯನ್. 2012ರ ಏಪ್ರಿಲ್ 30ರಂದು ಅಮೆರಿಕದ ತರಬೇತಿ ಶಿಬಿರದಲ್ಲಿ ಕುಸಿದುಬಿದ್ದು ಹೋದರು. 26 ವರ್ಷ. ಹೃದಯದ ರಕ್ತನಾಳದ ಕಾಯಿಲೆ ಇತ್ತು ಅಂತ ಗೊತ್ತಾಗಿದ್ದು ಸತ್ತ ಮೇಲೆ. ಅದು ಪ್ಲಂಬಿಂಗ್ ಕಥೆ, ಲಯದ ಕಥೆ ಅಲ್ಲ, ಆತ ಹಿರಿಯರೂ ಅಲ್ಲ. ಆದರೂ ಯಾಕೆ ಹೇಳ್ತೀನಿ ಅಂದ್ರೆ, ವಿಶ್ವ ಚಾಂಪಿಯನ್ ಆಗೋವಷ್ಟು ವೇಗ ಇದ್ದ ಮಾತ್ರಕ್ಕೆ ಹೃದಯ ಚೆನ್ನಾಗಿದೆ ಅಂತ ಸ್ಟಾಪ್‌ವಾಚ್ ಸರ್ಟಿಫಿಕೇಟ್ ಕೊಡಲ್ಲ.

ಇಲ್ಲಿ ನನಗೆ ಈ ಹಿರಿಯ ಈಜುಗಾರರ ಮೇಲೆ ಸ್ವಲ್ಪ ಕೋಪ ಇದೆ, ಪ್ರೀತಿಯ ಕೋಪ. ತಮ್ಮ ನಾಡಿಯ ಬಗ್ಗೆ ಇವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಸೆಟ್ ಮುಗಿದ ಕೂಡಲೇ ಗೋಡೆ ಹಿಡಿದು, ಕುತ್ತಿಗೆಗೆ ಎರಡು ಬೆರಳಿಟ್ಟು, 10 ಸೆಕೆಂಡ್ ಎಣಿಸಿ ಆರರಿಂದ ಗುಣಿಸೋದು ಕೋಚ್‌ಗಳು ಕಲಿಸಿದ ಅಭ್ಯಾಸ. 25 ಬಂದರೆ 150. ಅಷ್ಟೇ ನೋಡ್ತಾರೆ. ಎಷ್ಟು ಬಡಿತ ಅಂತ ಎಣಿಸ್ತಾರೆ, ಹೇಗೆ ಬಡೀತಿದೆ ಅಂತ ಕೇಳಿಸ್ಕೊಳ್ಳಲ್ಲ. ಸಂಖ್ಯೆ ಸರಿ ಇದ್ದು ತಾಳ ತಪ್ಪಿರಬಹುದಲ್ಲ?

ಹಾಗಾಗಿ ಹೀಗೆ ಮಾಡಿ. ನೀರಿನಲ್ಲಿ ಅಲ್ಲ, ಮನೆಯಲ್ಲಿ. ಐದು ನಿಮಿಷ ಸುಮ್ಮನೆ ಕೂತ ಮೇಲೆ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಡಿ. ಒಂದು ಪೂರ್ತಿ ನಿಮಿಷ. ಬಡಿತದ ಜೊತೆ ಕಾಲಿನ ಬೆರಳಿಂದ ತಾಳ ಹಾಕಿ, ಭಜನೆಗೆ ಕೂತವರ ಹಾಗೆ. ತಾಳ ನಡೀತಾ ಹೋದರೆ ಸರಿ. ಆಗೊಮ್ಮೆ ಈಗೊಮ್ಮೆ ಒಂದು ಬಡಿತ ಮುಂಚೆ ಬಂದು ಆಮೇಲೆ ಸಣ್ಣ ವಿರಾಮ ಆದರೆ ಗಾಬರಿ ಬೇಡ, ಅದು ಬಹಳ ಜನರಲ್ಲಿ ಇರುತ್ತೆ. ಆದರೆ ತಾಳ ಹಿಡಿಯೋಕೇ ಆಗ್ತಿಲ್ಲ, ಮುಂದಿನ ಪೆಟ್ಟು ಯಾವಾಗ ಅಂತ ಊಹೆಯೇ ಸಿಗ್ತಿಲ್ಲ ಅಂದ್ರೆ ಡಾಕ್ಟರ ಹತ್ತಿರ ಹೋಗಿ. ಅದೇ ದಿನ ಹೋಗಿ. ಕೈಯಲ್ಲಿ ಇಸಿಜಿ ತೆಗೆಯುವ ವಾಚ್ ಇದ್ದರೆ ಕೈ ಒಣಗಿಸಿಕೊಂಡು 30 ಸೆಕೆಂಡ್ ಬೆರಳಿಡಿ, ಅದನ್ನು ಡಾಕ್ಟರಿಗೆ ತೋರಿಸಿ. ಅದೇ ವಾಚ್ ನೀರೊಳಗೆ ತೋರಿಸುವ ಪಲ್ಸ್ ನಂಬಿಕೊಂಡು ತೀರ್ಮಾನಕ್ಕೆ ಬರಬೇಡಿ.

ಇನ್ನೊಂದು. ಈ ಎ-ಫಿಬ್ ಶುರುವಿನಲ್ಲಿ ಬಂದು ಹೋಗೋ ನೆಂಟ. ರಾತ್ರಿ ಎರಡು ಗಂಟೆಗೆ ಬಂದು ಐದಕ್ಕೆ ಹೋಗಿರುತ್ತೆ. ಹತ್ತಕ್ಕೆ ಕ್ಲಿನಿಕ್‌ನಲ್ಲಿ ಇಸಿಜಿ ಮಾಡಿದರೆ ನಾರ್ಮಲ್. "ನೀವು ಸ್ಪೋರ್ಟ್ಸ್‌ಮನ್, ನಿಮಗೇನಾಗಿದೆ" ಅಂತ ಕಳಿಸ್ತಾರೆ. ಕರೆಂಟ್ ಬಂದ ಮೇಲೆ ಲೈನ್‌ಮನ್ ಬಂದರೆ ಅವನಿಗೇನು ಕಾಣುತ್ತೆ? ಹಾಗಾಗಿ 24 ಗಂಟೆಯ ಹೋಲ್ಟರ್, ಬೇಕಿದ್ದರೆ ಒಂದೆರಡು ವಾರ ಎದೆಗೆ ಅಂಟಿಸಿಕೊಳ್ಳುವ ಪ್ಯಾಚ್ ಬಗ್ಗೆ ನೀವೇ ಬಾಯಿಬಿಟ್ಟು ಕೇಳಿ. ಹೃದಯದ ಎಕೋ, ಥೈರಾಯ್ಡ್ ಪರೀಕ್ಷೆ ಕೂಡಾ. ನಾಡಿ 45 ಇದೆ ಅಂತ ಹೆದರಬೇಡಿ, ಈಜುಗಾರರಿಗೆ ಅದು ಸಹಜ. 45ರ ಜೊತೆ ತಲೆ ಸುತ್ತು, ಕಣ್ಣು ಕತ್ತಲೆ ಇದ್ದರೆ ಅದು ಸಹಜ ಅಲ್ಲ. ಮತ್ತೆ, ನಿನ್ನೆವರೆಗೆ ಸಲೀಸಾಗಿ ಮುಗಿಸ್ತಿದ್ದ ಸೆಟ್‌ಗೆ ಇವತ್ತು ಗೋಡೆ ಹಿಡಿದು ಏದುಸಿರು ಬಿಡ್ತಿದ್ದೀರಾ? "ವಯಸ್ಸಾಯ್ತು" ಅಂತ ಹೆಸರಿಡೋಕೆ ಮುಂಚೆ ಒಂದು ಇಸಿಜಿ ಆಗಲಿ. ಮೇಲಿನ ಕೋಣೆ ಹಿಂಡದೆ ಹೋದರೆ ಪ್ರತಿ ಬಡಿತಕ್ಕೂ ರಕ್ತ ಕಡಿಮೆ ಹೋಗುತ್ತೆ. ಸಮಯ ಬೀಳೋದು ಅದಕ್ಕೂ ಇರಬಹುದು.

ಈಗ ಆ 65ಕ್ಕೆ ಬರ್ತೀನಿ. ಎ-ಫಿಬ್ ಇದೆ ಅಂತ ಖಚಿತ ಆದ ಮೇಲೆ ಡಾಕ್ಟರು ಒಂದು ಅಂಕಪಟ್ಟಿ ಹಾಕ್ತಾರೆ. ಚಾಡ್ಸ್-ವ್ಯಾಸ್ಕ್ ಅಂತ ಅದರ ಹೆಸರು. ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಕೊಡಬೇಕಾ ಬೇಡವಾ ಅಂತ ತೀರ್ಮಾನಿಸೋಕೆ. ಬಿಪಿಗೆ 1, ಶುಗರ್‌ಗೆ 1, ಹಾರ್ಟ್ ಫೇಲ್ಯೂರ್‌ಗೆ 1, ರಕ್ತನಾಳದ ಕಾಯಿಲೆಗೆ 1, ಹಿಂದೆ ಲಕ್ವ ಆಗಿದ್ದರೆ 2. ವಯಸ್ಸು 65 ಆದರೆ 1. 75 ಆದರೆ 2. ಅಂದ್ರೆ ಯಾವ ಹುಟ್ಟುಹಬ್ಬಕ್ಕೆ ಹೊಸ ಗುಂಪು ಸಿಕ್ತು, ಪದಕ ಹತ್ತಿರ ಬಂತು ಅಂತ ಕೇಕ್ ಕತ್ತರಿಸಿದರೋ, ಅದೇ ಹುಟ್ಟುಹಬ್ಬಕ್ಕೆ ಈ ಪಟ್ಟಿಯಲ್ಲೂ ಒಂದು ಅಂಕ ಏರಿತು. ಮತ್ತೆ ಗಮನಿಸಿ, ಈ ಪಟ್ಟಿಯಲ್ಲಿ ಕಳೆಯೋ ಲೆಕ್ಕ ಇಲ್ಲ. ದಿನಾ ಎರಡು ಕಿಲೋಮೀಟರ್ ಈಜ್ತೀನಿ, ಅದಕ್ಕೆ ಒಂದು ಅಂಕ ಕಡಿಮೆ ಮಾಡಿ ಅಂದರೆ ಮಾಡಲ್ಲ. ಸ್ವೀಡನ್ನಿನ ಲೆಕ್ಕದಲ್ಲಿ ಎ-ಫಿಬ್ ಇರುವ ಸ್ಕೀಯರ್‌ಗಳಿಗೆ ಎ-ಫಿಬ್ ಇರುವ ಉಳಿದವರಿಗಿಂತ ಲಕ್ವ ಕಡಿಮೆ ಇತ್ತು, ನಿಜ. ಆದರೆ ಎ-ಫಿಬ್ ಇಲ್ಲದ ಸ್ಕೀಯರ್‌ಗಳಿಗಿಂತ ಹೆಚ್ಚೇ ಇತ್ತು.

ಇಲ್ಲೇ ಜಗಳ ಶುರುವಾಗೋದು. "ಮಾತ್ರೆ ತಗೊಂಡ್ರೆ ನಾನು ಪೇಷಂಟ್ ಆಗ್ತೀನಿ." "ಕೋಚ್‌ಗೆ ಗೊತ್ತಾದ್ರೆ ಮೀಟ್‌ಗೆ ಹೆಸರು ಕೊಡಲ್ಲ." "ಮಗಳಿಗೆ ಗೊತ್ತಾದ್ರೆ ಪೂಲ್ ಕಡೆ ಕಾಲಿಡೋಕೆ ಬಿಡಲ್ಲ." ಹಾಗಾಗಿ ಮುಚ್ಚಿಡ್ತಾರೆ. ಕೆಲವರು ತಾವೇ ಆಸ್ಪಿರಿನ್ ನುಂಗಿ ಸಮಾಧಾನ ಮಾಡ್ಕೊಳ್ತಾರೆ. ಎ-ಫಿಬ್‌ನ ಹೆಪ್ಪಿಗೆ ಆಸ್ಪಿರಿನ್ ಸಾಕಾಗಲ್ಲ ಸ್ವಾಮಿ. ಅದಕ್ಕೆ ಬೇರೆ ಮಾತ್ರೆಗಳಿವೆ. ಹಳೇ ವಾರ್ಫರಿನ್‌ಗೆ ಪದೇ ಪದೇ ರಕ್ತ ಪರೀಕ್ಷೆ ಬೇಕಿತ್ತು, ಎಪಿಕ್ಸಬಾನ್, ಡಾಬಿಗಟ್ರಾನ್ ತರಹದ ಹೊಸವಕ್ಕೆ ಆ ರಗಳೆ ಇಲ್ಲ. ರಕ್ತಸ್ರಾವದ ಅಪಾಯ ಇದ್ದೇ ಇದೆ, ಅದನ್ನು ಡಾಕ್ಟರು ತೂಗಿ ನೋಡ್ತಾರೆ. ಆದರೆ ಕುಸ್ತಿಯವರಿಗೆ, ಕಬಡ್ಡಿಯವರಿಗೆ ಇರುವ ಪೆಟ್ಟಿನ ಭಯ ಈಜುಗಾರರಿಗೆ ಅಷ್ಟಿಲ್ಲ.

ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ವಿಷಯ ಬೇರೆ. ಅದು ನಿಜಕ್ಕೂ ವೇಗ ತಗ್ಗಿಸುತ್ತೆ, ಕೈಕಾಲು ಭಾರ ಅನಿಸುತ್ತೆ. ಮೊದಲೇ 45 ಇರುವ ನಾಡಿಯನ್ನು ಇನ್ನೂ ಕೆಳಗಿಳಿಸಬಹುದು. ಅದಕ್ಕೇ ಡಾಕ್ಟರ ಮುಂದೆ ಕೂತಾಗ "ಸ್ವಲ್ಪ ಈಜ್ತೀನಿ" ಅಂತ ಸಂಕೋಚ ಪಡಬೇಡಿ. ವಾರಕ್ಕೆ ಎಷ್ಟು ಕಿಲೋಮೀಟರ್, ಎಷ್ಟು ವರ್ಷದಿಂದ, ಸ್ಪರ್ಧೆ ಯಾವ ದೂರದ್ದು, ಎಲ್ಲಾ ಹೇಳಿ. ಔಷಧಿಯ ಆಯ್ಕೆಯೇ ಬದಲಾಗುತ್ತೆ. ಎರಡು ಮೂರು ತಿಂಗಳು ತರಬೇತಿ ತಗ್ಗಿಸಿ ನೋಡೋಣ ಅಂತಲೂ ಹೇಳಬಹುದು. ಇನ್ನೊಂದು ದಾರಿ ಅಬ್ಲೇಷನ್. ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಹೈಸಗೆರ್ ಅವರ ತಂಡ 1998ರಲ್ಲಿ ಒಂದು ದೊಡ್ಡ ಗುಟ್ಟು ಬಿಚ್ಚಿಟ್ಟಿತು. ಈ ತಪ್ಪು ಕರೆಂಟು ಬಹುಪಾಲು ಹುಟ್ಟೋದು ಶ್ವಾಸಕೋಶದಿಂದ ಹೃದಯಕ್ಕೆ ಬರುವ ರಕ್ತನಾಳಗಳ ಬಾಯಲ್ಲಿ ಅಂತ. ತೊಡೆಯ ರಕ್ತನಾಳದಿಂದ ತಂತಿ ಕಳಿಸಿ ಆ ಬಾಯಿಯ ಸುತ್ತ ಸುಟ್ಟೋ, ಹೆಪ್ಪುಗಟ್ಟಿಸಿಯೋ ಬೇಲಿ ಹಾಕ್ತಾರೆ. ಕೆಲವರಿಗೆ ಒಂದೇ ಸಲಕ್ಕೆ ಸರಿಹೋಗುತ್ತೆ, ಕೆಲವರಿಗೆ ಎರಡನೇ ಸಲ ಬೇಕಾಗುತ್ತೆ. ಅಬ್ಲೇಷನ್ ಆಯ್ತು ಅಂತ ರಕ್ತದ ಮಾತ್ರೆ ತಾವೇ ನಿಲ್ಲಿಸಬೇಡಿ. ಆ ಅಂಕಪಟ್ಟಿ ಆಗಲೂ ಹಾಗೇ ಇರುತ್ತೆ.

ಈಗ ಈಜುಕೊಳ ನಡೆಸುವವರಿಗೆ ಒಂದು ಮಾತು. ಚರ್ಮರೋಗ ಇಲ್ಲ ಅಂತ ಸರ್ಟಿಫಿಕೇಟ್ ಕೇಳ್ತೀರಿ, ಟೋಪಿ ಇಲ್ಲದಿದ್ದರೆ ಒಳಗೆ ಬಿಡಲ್ಲ, ಒಳ್ಳೇದು. ಎಇಡಿ ಎಲ್ಲಿದೆ? ನಿಂತ ಹೃದಯಕ್ಕೆ ಶಾಕ್ ಕೊಡುವ ಚಿಕ್ಕ ಪೆಟ್ಟಿಗೆ ಅದು, ಏನು ಮಾಡಬೇಕು ಅಂತ ಅದೇ ಮಾತಾಡಿ ಹೇಳುತ್ತೆ. ಎದೆ ಒತ್ತದೆ, ಶಾಕ್ ಕೊಡದೆ ಕಳೆಯೋ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಆಂಬುಲೆನ್ಸ್ ಎಷ್ಟು ನಿಮಿಷಕ್ಕೆ ಬರುತ್ತೆ, ನೀವೇ ಲೆಕ್ಕ ಹಾಕಿ. ಅಮೆರಿಕದ ಡಾನಾ ವೋಲ್ಮರ್‌ಗೆ ಹದಿಹರೆಯದಲ್ಲೇ ಹೃದಯದ ಲಯದ ತೊಂದರೆ ಕಂಡಿತ್ತು. ಆ ಹುಡುಗಿ ಎಲ್ಲಿ ಈಜಿದರೂ ತಾಯಿ ಒಂದು ಎಇಡಿ ಹಿಡಿದು ಕೊಳದ ಬದಿಗೆ ಹೋಗ್ತಿದ್ದರು. ಅದೇ ವೋಲ್ಮರ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಬಟರ್‌ಫ್ಲೈ 55.98 ಸೆಕೆಂಡಿಗೆ ಮುಗಿಸಿ ವಿಶ್ವದಾಖಲೆ ಜೊತೆ ಚಿನ್ನ ಗೆದ್ದರು. ತೊಂದರೆ ಬಯಲಾಗಿತ್ತು, ಚಿಕಿತ್ಸೆ ಆಗಿತ್ತು, ಪೆಟ್ಟಿಗೆ ಪಕ್ಕದಲ್ಲಿತ್ತು. ಈಜು ನಿಲ್ಲಲಿಲ್ಲ.

ಹಾಗಾಗಿ ಲಯದ ತೊಂದರೆ ಇರುವ ಹಿರಿಯರೇ, ಒಬ್ಬರೇ ಇರೋ ಹೊತ್ತಲ್ಲಿ ನೀರಿಗಿಳಿಯಬೇಡಿ. ಪಕ್ಕದ ಲೇನಿನವರಿಗೆ, ಲೈಫ್‌ಗಾರ್ಡ್‌ಗೆ ನಿಮ್ಮ ವಿಷಯ ಹೇಳಿ. ಎದೆಯಲ್ಲಿ ಪಟಪಟ ಅಂದ ಕೂಡಲೇ ಆ ಲ್ಯಾಪ್ ಮುಗಿಸೋ ಹಠ ಬೇಡ, ಲೇನ್ ಹಗ್ಗ ಹಿಡಿದು ಕೈ ಎತ್ತಿ. ಲೈಫ್‌ಗಾರ್ಡ್ ಹುಡುಗರೇ, ನಿಮಗೂ ಒಂದು ವಿಷಯ. ಯಾರಾದರೂ ಪ್ರಜ್ಞೆ ತಪ್ಪಿದರೆ ಮೊದಲು ನೀರಿಂದ ಹೊರಗೆ ತನ್ನಿ, ನೀರು ನಿಂತ ಜಾಗದಲ್ಲಿ ಮಲಗಿಸಬೇಡಿ. ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಪೆಟ್ಟಿಗೆ ತರಲಿ. ನೀರಲ್ಲಿ ಮುಳುಗಿದವರಿಗೆ ಉಸಿರೂ ಬೇಕು, ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಎದೆ ಒತ್ತುತ್ತಾ ಇರಿ. ಪೆಟ್ಟಿಗೆ ಬಂದ ಮೇಲೆ ಟವೆಲ್ ತಗೊಂಡು ಎದೆ ಚೆನ್ನಾಗಿ ಒರೆಸಿ. ಒದ್ದೆ ಎದೆಗೆ ಪ್ಯಾಡ್ ಅಂಟಲ್ಲ.